ಕೊರೆಯುವ ಊರಿಗೆ ಕೂಡಿಸುವ ಯಂತ್ರ ಬಂದ ಕತೆ

ಮುಂಬೈಯ ಝವೇರಿ ಬಜಾರಿನ ಒಳಗಲ್ಲಿಗಳಲ್ಲಿ ಬೆಳಗಿನ ಹೊತ್ತು, ಅಂಗಡಿಗಳ ಶಟರ್ ಏರುವುದಕ್ಕೂ ಮುಂಚೆ, ಕುಕ್ಕರುಗಾಲಲ್ಲಿ ಕುಳಿತು ನೆಲ ಗುಡಿಸುವ ಜನ ಕಾಣುತ್ತಾರೆ. ಮೆಟ್ಟಿಲ ಸಂದು, ಗಟಾರದ ಅಂಚು, ಅಕ್ಕಸಾಲಿಗರ ಕೋಣೆಯ ಹೊಸ್ತಿಲು, ಯಾವುದನ್ನೂ ಬಿಡದೆ ಬ್ರಷ್ಷಿನಿಂದ ಬಳಿದು ಘಮೇಲ ಎಂಬ ಬೋಗುಣಿಗೆ ತುಂಬಿಕೊಳ್ಳುತ್ತಾರೆ. ಅದನ್ನು ನೀರಿನಲ್ಲಿ ಜಾಲಿಸಿ, ತಳದಲ್ಲಿ ಉಳಿದ ಮಿನುಗನ್ನು ಕರಗಿಸಿ ಮಾರಿ ಬದುಕುವವರು ಅವರು. ಕನ್ನಡದಲ್ಲಿ ಇಂಥವರಿಗೆ ಜಲಗಾರರೆಂಬ ಹಳೆಯ ಹೆಸರಿದೆ.

ಬೀದಿಯ ಧೂಳಿಗೆ ಚಿನ್ನ ಬಂದದ್ದು ಅಕ್ಕಸಾಲಿಗನ ಅರದಿಂದ. ಗರಗಸ ಎಳೆದಾಗ, ಅರ ಉಜ್ಜಿದಾಗ, ಸೂಜಿಯಂಥ ಉಳಿಯಿಂದ ಗೆರೆ ಕೊರೆದಾಗ ಲೋಹ ಪುಡಿಯಾಗಿ ಉದುರುತ್ತದೆ. ಬಟ್ಟೆಗೆ ಮೆತ್ತಿ, ಚಪ್ಪಲಿಗೆ ಅಂಟಿ ಹೊರಗೆ ಹೋಗುತ್ತದೆ. ಶಿಲ್ಪಿ ಕಲ್ಲಿನಿಂದ ಮೂರ್ತಿ ತೆಗೆಯುವುದೂ, ಬಡಗಿ ಮರದಿಂದ ಕಂಬ ತೆಗೆಯುವುದೂ, ಠಾಣೆಯ ವಾಗ್ಳೆ ಎಸ್ಟೇಟಿನ ಗಾಲಾ ಎಂಬ ಸಣ್ಣ ಕಾರ್ಖಾನೆ ಕೋಣೆಯಲ್ಲಿ ಲೇತ್ ಮೇಲೆ ಬುಶ್ ತಿರುವುವುದೂ ಇದೇ ಲೆಕ್ಕದ ಕೆಲಸ: ಇರುವುದರಲ್ಲಿ ಬೇಡದ್ದನ್ನು ಕಳೆ, ಬೇಕಾದದ್ದು ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ತಿರುವಿಹಾಕುವ ಒಂದು ಯಂತ್ರ, ಇಂದು ತ್ರೀಡಿ ಪ್ರಿಂಟರ್ ಎನ್ನುವುದು, ಈ ಊರಿಗೆ ಬಂತು. ಅದು ಶೂನ್ಯದಿಂದ ಶುರು ಮಾಡಿ, ಪದರದ ಮೇಲೆ ಪದರ ಕೂಡಿಸಿ ವಸ್ತುವನ್ನು ಬೆಳೆಸುತ್ತದೆ, ಗೆದ್ದಲು ಹುತ್ತ ಕಟ್ಟುವ ಹಾಗೆ. ಅದು ಮುಂಬೈಯಲ್ಲಿ ಗಟ್ಟಿಯಾಗಿ ಬೇರುಬಿಟ್ಟದ್ದು ಅರ ಹಿಡಿದ ಆ ಅಕ್ಕಸಾಲಿಗರ ವೃತ್ತಿಯಲ್ಲೇ.

ಯಂತ್ರ ಬರುವ ಮುನ್ನ ಈ ಊರು ಹೊಸ ವಸ್ತುವಿನ ಮೊದಲ ಮಾದರಿಯನ್ನು ಹೇಗೆ ಮಾಡುತ್ತಿತ್ತು ಎಂಬುದಕ್ಕೆ ವಿಖ್ರೋಳಿಯ ಒಂದು ಘಟನೆ ನನಗೆ ಬಹಳ ಇಷ್ಟ. 1951ರಲ್ಲಿ ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಗೆ ಮತಪೆಟ್ಟಿಗೆಗಳು ಬೇಕಾದವು. ಗೋದ್ರೆಜ್ ಕಂಪನಿಗೆ ದೊಡ್ಡ ಪಾಲು ಸಿಕ್ಕಿತು, ಬೆಲೆ ಪೆಟ್ಟಿಗೆಗೆ 5 ರೂಪಾಯಿ. ಹೊರಗೆ ಬೀಗ ಹಾಕುವ ಪೆಟ್ಟಿಗೆ ಆ ಬೆಲೆಗೆ ಗಿಟ್ಟುತ್ತಿರಲಿಲ್ಲ. ತಗಡು ಕತ್ತರಿಸಿ, ಬಗ್ಗಿಸಿ, ಬೆಸೆದು, ಒಡೆದು, ಮತ್ತೆ ಮಾಡಿ ಹಲವು ಮಾದರಿ ನೋಡಿದರು. ಕೊನೆಗೆ ಬೀಗವನ್ನು ಪೆಟ್ಟಿಗೆಯ ಒಳಗೇ ಅಡಗಿಸುವ ಉಪಾಯ ಹೊಳೆಯಿತು, ಅದನ್ನು ಸೂಚಿಸಿದ್ದು ಕಾರ್ಖಾನೆಯ ಒಬ್ಬ ಕೆಲಸಗಾರ. ಆಮೇಲೆ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ವಿಖ್ರೋಳಿಯಿಂದ ದೇಶದ ಮೂಲೆಮೂಲೆಗೆ ಹೋದವು.

ಆ ಪೆಟ್ಟಿಗೆ ಸರಿಯಾದದ್ದು ಕಾಗದದ ಮೇಲಲ್ಲ, ಕೈಯಲ್ಲಿ ಹಿಡಿದು ಮುಚ್ಚಿ ತೆರೆದು ನೋಡಿದಾಗ. ನಕ್ಷೆಗೆ ತೂಕವಿಲ್ಲ. ಬೆರಳಿಗೆ ಎಲ್ಲಿ ಚುಚ್ಚುತ್ತದೆ, ಮುಚ್ಚಳ ಎಲ್ಲಿ ತೊಡರುತ್ತದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಮಾದರಿ ಬೇಕು. ಮಾದರಿ ಮಾಡುವವರು ಊರಿನಲ್ಲಿ ವಿರಳ, ಅವರ ದಿನಗಳು ಯಾವಾಗಲೂ ಭರ್ತಿ. ಎರಕದ ಮನೆಗೆ ಮರದ ಪ್ಯಾಟರ್ನ್ ಮಾಡಿಕೊಡುವ ಬಡಗಿಯ ಮುಂದೆ ಎಂಜಿನಿಯರುಗಳು ವಾರಗಟ್ಟಲೆ ಕಾಯುತ್ತಿದ್ದರು. ಲೋಹ ಆರುವಾಗ ಎಷ್ಟು ಕುಗ್ಗುತ್ತದೆ, ಪ್ಯಾಟರ್ನ್ ಎಷ್ಟು ದೊಡ್ಡದಿರಬೇಕು, ಮರಳಿನಿಂದ ಎಳೆದು ತೆಗೆಯಲು ಗೋಡೆ ಎಷ್ಟು ಓರೆಯಾಗಬೇಕು ಎಂಬುದೆಲ್ಲ ಅವನ ಬೆರಳಲ್ಲಿ ಇತ್ತು. ಅವನಿಗೆ ಜ್ವರ ಬಂದರೆ ಕೆಲಸ ನಿಲ್ಲುತ್ತಿತ್ತು.

ಈ ಕಾಯುವಿಕೆ ಅತ್ಯಂತ ದುಬಾರಿಯಾದದ್ದು ಅಂಧೇರಿಯ ಸೀಪ್ಜ್‌ನಲ್ಲಿ. ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣಾ ವಲಯ ಎಂಬ ಉದ್ದದ ಹೆಸರನ್ನು ಹೊತ್ತು ಈ ವಲಯ 1973ರಲ್ಲಿ ಹುಟ್ಟಿತು. ಹೆಸರೇ ಹೇಳುವಂತೆ ಮೊದಲು ಅಲ್ಲಿ ಎಲೆಕ್ಟ್ರಾನಿಕ್ಸ್ ಮಾತ್ರ. 1987–88ರಲ್ಲಿ ರತ್ನ ಮತ್ತು ಆಭರಣ ಘಟಕಗಳಿಗೂ ಬಾಗಿಲು ತೆರೆಯಿತು. ದಕ್ಷಿಣ ಮುಂಬೈಯ ಇಕ್ಕಟ್ಟಾದ ಕೋಣೆಗಳಲ್ಲಿ ಇದ್ದಿಲ ಒಲೆಯ ಮುಂದೆ ಕೂತಿದ್ದ ವೃತ್ತಿ, ಕಾವಲಿರುವ ಗೇಟು, ಹವಾನಿಯಂತ್ರಿತ ಹಾಲು, ಸಾಲು ಮೇಜುಗಳ ಕಾರ್ಖಾನೆಯಾಯಿತು. ಗಿರಾಕಿ ಅಮೆರಿಕದ ಅಂಗಡಿ ಸರಪಳಿ. ಅವರು ಫ್ಯಾಕ್ಸಿನಲ್ಲಿ ಉಂಗುರದ ಚಿತ್ರ ಕಳಿಸುತ್ತಿದ್ದರು, ಇಲ್ಲಿಂದ ಸ್ಯಾಂಪಲ್ ಹೋಗಬೇಕಿತ್ತು.

ಆ ಸ್ಯಾಂಪಲ್ ಹುಟ್ಟುವ ಬಗೆ ಹೀಗಿತ್ತು. ನುರಿತ ಕಾರಿಗರ್ ಒಬ್ಬ ಚಿತ್ರ ನೋಡಿ ಬೆಳ್ಳಿಯಲ್ಲಿ ಮೂಲ ಉಂಗುರವನ್ನು ಕೈಯಿಂದ ಮಾಡುತ್ತಾನೆ. ಅದಕ್ಕೆ ಮಾಸ್ಟರ್ ಎಂದು ಹೆಸರು. ಅದನ್ನು ರಬ್ಬರಿನ ಹಾಳೆಗಳ ನಡುವೆ ಇಟ್ಟು, ಕಾಯಿಸಿ ಒತ್ತಿ, ಗಟ್ಟಿಯಾದ ರಬ್ಬರನ್ನು ಬ್ಲೇಡಿನಿಂದ ಸೀಳಿ ಮಾಸ್ಟರನ್ನು ಹೊರತೆಗೆದರೆ ಒಳಗೆ ಉಂಗುರದ ಪೊಳ್ಳು ಉಳಿಯುತ್ತದೆ. ಅದರೊಳಗೆ ಕರಗಿದ ಮೇಣ ತುಂಬಿ ಎಷ್ಟು ಬೇಕಾದರೂ ಮೇಣದ ಉಂಗುರ ತೆಗೆಯಬಹುದು. ತೊಂದರೆಯೆಲ್ಲ ಮೊದಲ ಬೆಳ್ಳಿಯ ತುಂಡಿನಲ್ಲೇ. ಎಡಗಡೆಯ ಹೂವಿನ ದಳ ಬಲಗಡೆಯದಕ್ಕಿಂತ ಕೂದಲೆಳೆ ದಪ್ಪವಾದರೆ, ಹರಳು ಕೂರುವ ಗುಳಿ ಸ್ವಲ್ಪ ಅಗಲವಾದರೆ, ಗಿರಾಕಿ ಬೇಡ ಎನ್ನುತ್ತಾನೆ. ಮತ್ತೆ ಮೊದಲಿನಿಂದ.

ಸೀಪ್ಜ್ ಆಭರಣಗಳಿಗೆ ಬಾಗಿಲು ತೆರೆದ ಹೊತ್ತಿಗೇ ಕ್ಯಾಲಿಫೋರ್ನಿಯಾದಲ್ಲಿ ಆ ಮೊದಲ ತುಂಡಿನ ಕಷ್ಟಕ್ಕೆ ಒಂದು ಯಂತ್ರ ಮಾರಾಟಕ್ಕೆ ಬಂದಿತ್ತು. ಅದರ ಹಿಂದಿನ ಮನುಷ್ಯ ಚಕ್ ಹಲ್. ಮೇಜಿನ ಮೇಲ್ಮೈಗೆ ಬಳಿಯುವ ರಾಳವನ್ನು ಅತಿನೇರಳೆ ಬೆಳಕಿನಿಂದ ಗಟ್ಟಿಮಾಡುವ ದೀಪಗಳ ಕಂಪನಿಯಲ್ಲಿ ಆತ ಎಂಜಿನಿಯರ್. ಒಂದು ಸಣ್ಣ ಪ್ಲಾಸ್ಟಿಕ್ ಭಾಗದ ಮಾದರಿಗೆ ವಾರಗಟ್ಟಲೆ ಕಾದು ಬೇಸತ್ತಿದ್ದ. ಬೆಳಕು ಬಿದ್ದಲ್ಲಿ ದ್ರವ ಗಟ್ಟಿಯಾಗುವುದಾದರೆ, ಒಂದು ತೆಳು ಪದರವನ್ನು ಬೇಕಾದ ಆಕಾರದಲ್ಲಿ ಗಟ್ಟಿಮಾಡಿ, ಅದನ್ನು ಸ್ವಲ್ಪ ಮುಳುಗಿಸಿ, ಮೇಲೆ ಇನ್ನೊಂದು ಪದರ ಗಟ್ಟಿಮಾಡಬಾರದೇಕೆ ಎಂದು ಸಂಜೆ ಹೊತ್ತು ಪ್ರಯೋಗಕ್ಕಿಳಿದ. 1983ರ ಮಾರ್ಚ್ 9ರಂದು ಒಂದು ಪುಟ್ಟ ಬಟ್ಟಲು ಹುಟ್ಟಿತು. 1984ರ ಆಗಸ್ಟ್ 8ರಂದು ಹಕ್ಕುಸ್ವಾಮ್ಯಕ್ಕೆ, ಅಂದರೆ ಪೇಟೆಂಟ್‌ಗೆ, ಅರ್ಜಿ ಹಾಕಿದ, 1986ರ ಮಾರ್ಚ್‌ನಲ್ಲಿ ಅದು ಸಿಕ್ಕಿತು. ಅದೇ ವರ್ಷ ತ್ರೀಡಿ ಸಿಸ್ಟಮ್ಸ್ ಕಂಪನಿ ಹುಟ್ಟಿತು.

ನ್ಯಾಯವಾಗಿ ಇನ್ನಿಬ್ಬರ ಹೆಸರು ಹೇಳಲೇಬೇಕು. ಜಪಾನಿನ ನಗೋಯಾದ ಪುರಸಭೆಯ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಹಿದೆಯೋ ಕೊದಾಮಾ 1981ರಲ್ಲೇ ಇಂಥದೊಂದು ವಿಧಾನವನ್ನು ಪ್ರಕಟಿಸಿದ್ದರು, ಆದರೆ ಅವರ ಹಕ್ಕುಸ್ವಾಮ್ಯದ ಅರ್ಜಿ ಪೂರ್ಣಗೊಳ್ಳದೆ ಬಿದ್ದುಹೋಯಿತು. ಫ್ರಾನ್ಸಿನ ಅಲೈನ್ ಲೆ ಮೆಹೊಟೆ ಮತ್ತು ಸಂಗಡಿಗರು ಹಲ್‌ಗಿಂತ ಮೂರು ವಾರ ಮುಂಚೆ ಅರ್ಜಿ ಹಾಕಿದ್ದರು. ವ್ಯಾಪಾರ ಕಾಣಲಿಲ್ಲವೆಂದು ಅವರ ಹಿಂದಿದ್ದ ಸಂಸ್ಥೆಗಳು ಕೈಬಿಟ್ಟವು.

ಯಂತ್ರ ಕೆಲಸ ಮಾಡುವ ರೀತಿಯನ್ನು ಒಂದು ಉಂಗುರದ ಮೂಲಕವೇ ನೋಡೋಣ. ಕಂಪ್ಯೂಟರಿನಲ್ಲಿ ಬಿಡಿಸಿದ ಉಂಗುರದ ಇಡೀ ಮೈಯನ್ನು ಮೊದಲು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುತ್ತಾರೆ. ಹೀಗೆ ತ್ರಿಕೋನಗಳ ಪಟ್ಟಿಯಾದ ಕಡತಕ್ಕೆ ಎಸ್‌ಟಿಎಲ್ ಎಂದು ಹೆಸರು, ಹಲ್‌ನ ಮೊದಲ ಯಂತ್ರದ ಕಾಲದಿಂದ ಇಂದಿನವರೆಗೂ ಉಳಿದುಕೊಂಡಿದೆ. ತ್ರಿಕೋನವೇ ಏಕೆಂದರೆ, ಅದನ್ನು ಅಡ್ಡಲಾಗಿ ಸೀಳಿದರೆ ಸಿಗುವುದು ಒಂದು ನೇರ ಗೆರೆ. ಉಂಗುರವನ್ನು ಮಟ್ಟಸವಾಗಿ ಒಂದು ಎತ್ತರದಲ್ಲಿ ಸೀಳಿದಾಗ ಸಿಕ್ಕ ಗೆರೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಆ ಎತ್ತರದ ಅಂಚು ಮೂಡುತ್ತದೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ ತಳದಿಂದ ತುದಿಯವರೆಗೆ ಸೀಳುತ್ತಾ ಹೋಗುವುದು, ಪ್ರತಿ ಬಿಲ್ಲೆಯ ಆಕಾರವನ್ನು ಯಂತ್ರಕ್ಕೆ ಕೊಡುವುದು. 25 ಮಿಲಿಮೀಟರ್ ಎತ್ತರದ ಉಂಗುರವನ್ನು 0.025 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಸೀಳಿದರೆ 1000 ಪದರ. ಯಂತ್ರಕ್ಕೆ ಉಂಗುರ ಎಂದರೇನೆಂದು ತಿಳಿಯದು. ಒಂದರ ಮೇಲೊಂದು ಸಾವಿರ ಚಪ್ಪಟೆ ಚಿತ್ರಗಳನ್ನು ಅದು ಎಳೆಯುತ್ತದೆ, ಅಷ್ಟೆ.

ಇಲ್ಲೊಂದು ಸಂಕಟವಿದೆ. ಕೆಳಗೆ ಏನೂ ಇಲ್ಲದ ಕಡೆ ಮೇಲಿನ ಪದರ ನಿಲ್ಲಲಾರದು. ಕಮಾನು ಕಟ್ಟುವ ಗೌಂಡಿ ಕೆಳಗೆ ಮರದ ಆಸರೆ ಕೊಟ್ಟು, ಗಾರೆ ಗಟ್ಟಿಯಾದ ಮೇಲೆ ಕಳಚುವಂತೆ ಇಲ್ಲಿಯೂ ಆಸರೆ ಕಟ್ಟಬೇಕು. ನಿಲ್ಲಿಸಿದ ಉಂಗುರದ ಮೇಲರ್ಧವೇ ಒಂದು ಕಮಾನು ತಾನೆ.

ಹಲ್‌ನ ಯಂತ್ರದಿಂದ ಬರುವುದು ಗಟ್ಟಿ ರಾಳದ ವಸ್ತು. ಕಾರು, ಟೆಲಿಫೋನು ಮಾಡುವವರಿಗೆ ಅದು ಸಾಕಿತ್ತು. ಅಕ್ಕಸಾಲಿಗನಿಗೆ ಸಾಲಲಿಲ್ಲ, ಏಕೆಂದರೆ ಅವನ ಎರಕ ಬೇರೆ. ಮೇಣದ ಉಂಗುರವನ್ನು ಗಾರೆಯೊಳಗೆ ಹುಗಿದು, ಕುಲುಮೆಯಲ್ಲಿ ಕಾಯಿಸಿ, ಮೇಣ ಪೂರಾ ಕರಗಿ ಉರಿದುಹೋದ ಮೇಲೆ ಉಳಿದ ಪೊಳ್ಳಿಗೆ ಚಿನ್ನ ಹೊಯ್ಯುತ್ತಾನೆ. ಮೇಣ ಗುರುತೇ ಉಳಿಸದೆ ಹೋಗಬೇಕು. ಆ ಕಾಲದ ರಾಳಗಳು ಕಾಯಿಸಿದಾಗ ಉಬ್ಬಿ ಗಾರೆಯನ್ನು ಸೀಳುತ್ತಿದ್ದವು, ಉರಿದ ಮೇಲೆ ಬೂದಿ ಉಳಿಸುತ್ತಿದ್ದವು. ಒಂದು ಚಿಟಿಕೆ ಬೂದಿ ಉಂಗುರದ ಮೈಯಲ್ಲಿ ಸಿಡುಬಿನ ಕಲೆಯಾಗುತ್ತದೆ.

ಈ ಮೇಣದ ಎರಕ ನಮಗೆ ದೂರದ ವಿಷಯವಲ್ಲ. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಈ ವಿಧಾನದ ವಿವರಣೆ ಇದೆ. ಮೇಣದಿಂದ ವಿಗ್ರಹ ಮಾಡುವುದು, ಮೇಲೆ ಮಣ್ಣಿನ ಲೇಪಗಳನ್ನು ಒಂದೊಂದಾಗಿ ಒಣಗಿಸುತ್ತಾ ಬಳಿಯುವುದು, ಕಾಯಿಸಿ ಮೇಣ ಹರಿಸುವುದು, ಕರಗಿದ ಲೋಹ ಹೊಯ್ಯುವುದು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ತಾಮ್ರಕ್ಕೆ ಅದರ ಇಷ್ಟು ಪಟ್ಟು, ಬೆಳ್ಳಿಗೆ ಇಷ್ಟು, ಚಿನ್ನಕ್ಕೆ ಎಲ್ಲಕ್ಕಿಂತ ಹೆಚ್ಚು ಎಂದು ಲೋಹದ ಲೆಕ್ಕವನ್ನೂ ಆತ ಕೊಡುತ್ತಾನೆ. ಇವತ್ತು ಅಂಧೇರಿಯ ಎರಕದ ವಿಭಾಗದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮೇಣ ಇಟ್ಟು, ಒಂದು ಗ್ರಾಂ ಮೇಣಕ್ಕೆ 18 ಕ್ಯಾರೆಟ್ ಚಿನ್ನ ಸುಮಾರು ಹದಿನೈದೂವರೆ ಗ್ರಾಂ ಎಂದು ಗುಣಿಸುವುದೂ ಅದೇ ಲೆಕ್ಕ. ಬಸವಕಲ್ಯಾಣದ ನೆಲದಿಂದ ಹೊರಟ ಆ ಮಾತು ಒಂಬತ್ತು ಶತಮಾನ ಕಳೆದರೂ ಕೆಲಸದ ಮೇಜಿನಿಂದ ಇಳಿದಿಲ್ಲ ಎಂಬುದು ನನಗೆ ರೋಮಾಂಚನ ತರುವ ಸಂಗತಿ.

ಹಾಗಾಗಿ ಅಕ್ಕಸಾಲಿಗರಿಗೆ ಬೇಕಿದ್ದದ್ದು ಮೇಣವನ್ನೇ ಪದರವಾಗಿ ಹಾಕುವ ಯಂತ್ರ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ರಾಯ್ಡನ್ ಸ್ಯಾಂಡರ್ಸ್ 1990ರ ದಶಕದಲ್ಲಿ ಅದನ್ನು ಮಾಡಿದರು, ಆ ಕಂಪನಿ ಮುಂದೆ ಸಾಲಿಡ್‌ಸ್ಕೇಪ್ ಎಂದಾಯಿತು. ಎರಡು ಸೂಕ್ಷ್ಮ ಮೂತಿಗಳು. ಒಂದರಿಂದ ಉಂಗುರದ ವಸ್ತು ಹನಿಹನಿಯಾಗಿ ಬೀಳುತ್ತದೆ, ಇನ್ನೊಂದರಿಂದ ಆಸರೆಯ ಕೆಂಪು ಮೇಣ. ಒಂದು ಪದರ ಮುಗಿದ ತಕ್ಷಣ ಸಣ್ಣದೊಂದು ಕತ್ತಿ ಬಂದು ಮೇಲ್ಮೈಯನ್ನು ತೆಳುವಾಗಿ ಹೆರೆದು ಮಟ್ಟಸ ಮಾಡುತ್ತದೆ. ಕೂಡಿಸುವ ಯಂತ್ರದ ಹೊಟ್ಟೆಯಲ್ಲೇ ಕಳೆಯುವ ಕತ್ತಿಯೂ ಇದೆ. ಕೊನೆಗೆ ಬಿಸಿ ದ್ರಾವಣದಲ್ಲಿ ಅದ್ದಿಟ್ಟರೆ ಆಸರೆಯ ಮೇಣ ಕರಗಿ, ಕೈಯಿಂದ ಮಾಡಲಾಗದಷ್ಟು ನವುರಾದ ಉಂಗುರ ಉಳಿಯುತ್ತದೆ. ನಿಧಾನದ ಯಂತ್ರ. ಸಂಜೆ ಹಚ್ಚಿ ಹೋದರೆ ಬೆಳಿಗ್ಗೆ ಬಂದು ನೋಡಬೇಕು.

ಹೊಸ ಶತಮಾನದ ಮೊದಲ ದಶಕದಲ್ಲಿ ಸೀಪ್ಜ್ ಮತ್ತು ಸುತ್ತಲಿನ ಮರೋಳದಲ್ಲಿ ಇವು ಮಾಮೂಲಾದವು. ಅಲ್ಲಿನ ಜನ ಇದನ್ನು ಆರ್‌ಪಿಟಿ ಮೆಷೀನ್ ಎಂದರು, ಅದರಿಂದ ಬಂದ ಮೇಣದ ಉಂಗುರವನ್ನು ಕ್ಯಾಮ್ ಪೀಸ್ ಎಂದರು. ಹಾಂಗ್‌ಕಾಂಗ್‌ನ ಜ್ಯುವೆಲ್‌ಕ್ಯಾಡ್, ಅಮೆರಿಕದ ರೈನೋ, ಮ್ಯಾಟ್ರಿಕ್ಸ್‌ನಂಥ ಕ್ಯಾಡ್, ಅಂದರೆ ಕಂಪ್ಯೂಟರ್ ವಿನ್ಯಾಸದ, ತಂತ್ರಾಂಶಗಳನ್ನು ಕಲಿತ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿತು. ಸ್ವಂತ ಯಂತ್ರ ಕೊಳ್ಳಲಾಗದ ಸಣ್ಣವರಿಗಾಗಿ ತುಂಡಿಗಿಷ್ಟು ಎಂದು ಮಾಡಿಕೊಡುವ ಕೇಂದ್ರಗಳು ಎದ್ದವು. ಇಮ್ಯಾಜಿನೇರಿಯಂ ಎಂಬ ಮುಂಬೈಯ ಸಂಸ್ಥೆ ಹೀಗೆ ಆಭರಣದಿಂದಲೇ ಶುರುಮಾಡಿ, ಮುಂದೆ ವಾಹನ, ವೈದ್ಯಕೀಯ ಕ್ಷೇತ್ರಗಳಿಗೂ ಹಬ್ಬಿತು.

ಮೇಣದಲ್ಲೇ ಹರಳು ಕೂರಿಸುವ ಒಂದು ಪದ್ಧತಿ ಮುಂಬೈಯಲ್ಲಿ ಬಹಳ ಬೆಳೆದಿದೆ. ಎರಕ ಹೊಯ್ದ ಮೇಲೆ ಚಿನ್ನದಲ್ಲಿ ಒಂದೊಂದೇ ವಜ್ರ ಕೂರಿಸುವ ಬದಲು, ಮೇಣದ ಉಂಗುರದಲ್ಲೇ ವಜ್ರಗಳನ್ನು ಜೋಡಿಸಿ, ಹರಳು ಸಮೇತ ಗಾರೆಯಲ್ಲಿ ಹುಗಿದು, ಮೇಣ ಸುಟ್ಟು, ಚಿನ್ನ ಹೊಯ್ಯುವುದು. ಚಿನ್ನ ಆರುತ್ತಾ ಕುಗ್ಗಿ ಹರಳನ್ನು ಹಿಡಿದುಕೊಳ್ಳುತ್ತದೆ. ಗುಳಿ ಸ್ವಲ್ಪ ಬಿಗಿಯಾದರೆ ವಜ್ರ ಬಿರಿಯುತ್ತದೆ, ಸ್ವಲ್ಪ ಸಡಿಲವಾದರೆ ಬಿದ್ದುಹೋಗುತ್ತದೆ. ಒಂದೇ ಆಭರಣದಲ್ಲಿ ನೂರಾರು ಪುಟ್ಟ ಹರಳುಗಳಿದ್ದರೆ ನೂರಾರು ಗುಳಿಗಳೂ ಒಂದೇ ಅಳತೆಯಲ್ಲಿರಬೇಕು. ಕಂಪ್ಯೂಟರಿನಲ್ಲಿ ಒಂದು ಗುಳಿ ಬಿಡಿಸಿ ನೂರು ಕಡೆ ಪ್ರತಿ ಮಾಡಬಹುದು. ಈ ಕೆಲಸಕ್ಕೆ ಯಂತ್ರ ಹೇಳಿ ಮಾಡಿಸಿದಂತಿತ್ತು.

ಬೆಳ್ಳಿಯ ಮಾಸ್ಟರ್ ಮಾಡುತ್ತಿದ್ದ ಕಾರಿಗರನ ಪಾಡೇನಾಯಿತು? ಇದಕ್ಕೆ ಉತ್ತರ ಹುಡುಕುವಾಗ ಒಂದು ಹಳೆಯ ಏಟನ್ನು ಮರೆಯಬಾರದು. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ ಬಂದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್‌ಗಿಂತ ಮೇಲಿನ ಆಭರಣ ಮಾಡುವುದನ್ನು ನಿಷೇಧಿಸಿತು. ಒಂದೇ ಏಟಿಗೆ ದೇಶದ ಲಕ್ಷಾಂತರ ಅಕ್ಕಸಾಲಿಗರ ಒಲೆ ಆರಿತು, ಕೆಲವರು ಜೀವವನ್ನೇ ಕಳೆದುಕೊಂಡರು. 1968ರಲ್ಲಿ ಕಾಯಿದೆಯಾಗಿ ನಿಂತ ಆ ನಿಯಂತ್ರಣ ಹೋದದ್ದು 1990ರಲ್ಲಿ. ಕರಾವಳಿಯ ದೈವಜ್ಞ ಮನೆತನಗಳಲ್ಲಿ ಎಷ್ಟೋ ಮಕ್ಕಳು ಆ ವರ್ಷಗಳಲ್ಲಿ ಅಪ್ಪನ ಮೇಜು ಬಿಟ್ಟು ಬ್ಯಾಂಕು, ಹೋಟೆಲು, ಕಚೇರಿ ಸೇರಿದರು. ಅದರ ಮುಂದೆ ಯಂತ್ರ ಕೊಟ್ಟ ಏಟು ಬೇರೆ ಬಗೆಯದು. ಅದು ಒಂದು ಹಂತವನ್ನು ಕಿತ್ತುಕೊಂಡಿತು, ಉಳಿದವನ್ನು ಬಿಟ್ಟಿತು. ಆದರೆ ಕಿತ್ತುಕೊಂಡದ್ದು ಅತ್ಯಂತ ಮರ್ಯಾದೆಯ ಹಂತವನ್ನು. ಚಿತ್ರ ನೋಡಿ ವಸ್ತುವನ್ನು ಕಾಣಬಲ್ಲವನು ಕಾರ್ಖಾನೆಯಲ್ಲಿ ಎಲ್ಲರಿಗಿಂತ ದೊಡ್ಡವನಾಗಿದ್ದ. ಈಗ ಆ ಕಾಣ್ಕೆ ಪರದೆಯ ಮುಂದೆ ಕೂತವರಿಗೆ ಹೋಯಿತು. ಕೆಲವು ಮಾಲೀಕರು ಹಳೆಯ ಕಾರಿಗರನನ್ನು ಕ್ಯಾಡ್ ಹುಡುಗರ ಪಕ್ಕ ಕೂರಿಸಿದರು. ಪರದೆಯ ಮೇಲೆ ಚಂದ ಕಾಣುವ ಎಳೆ ಚಿನ್ನದಲ್ಲಿ ತುಂಡಾಗುತ್ತದೆ, ಪಾಲಿಶ್ ಬ್ರಷ್ಷು ಆ ಸಂದಿಗೆ ಹೋಗುವುದಿಲ್ಲ ಎಂದು ಹೇಳಲು ಅವನೇ ಬೇಕಿತ್ತು. ಹಾಗೆ ಕೂರಿಸಿದವರು ಜಾಣರು ಎಂದೇ ನನ್ನ ಅಭಿಪ್ರಾಯ.

ಸೀಪ್ಜ್‌ನಿಂದ ಪೊವಾಯಿ ಕೆರೆಗೆ ದೂರ ಬಹಳವಿಲ್ಲ. ಸೋವಿಯತ್ ನೆರವಿನಿಂದ 1958ರಲ್ಲಿ ಶುರುವಾದ ಐಐಟಿ ಬಾಂಬೆ ಆ ಕೆರೆಯ ದಡದಲ್ಲಿದೆ. ಅಲ್ಲಿನ ಮೆಕ್ಯಾನಿಕಲ್ ವಿಭಾಗದಲ್ಲಿ ಇಬ್ಬರು ಪ್ರಾಧ್ಯಾಪಕರು ಎರಡು ದಿಕ್ಕಿನಿಂದ ಈ ವಿದ್ಯೆಗೆ ಕೈಹಾಕಿದರು. ಕೆ.ಪಿ. ಕರುಣಾಕರನ್ ಹಿಡಿದದ್ದು ಲೋಹದ ದಾರಿ. ವಿದೇಶಿ ಲೋಹದ ಯಂತ್ರಗಳು ಲೇಸರಿನಿಂದ ಲೋಹದ ಪುಡಿ ಬೆಸೆಯುತ್ತಿದ್ದವು. ಅವರ ತಂಡ ನಮ್ಮ ಯಾವ ವರ್ಕ್‌ಶಾಪಿನಲ್ಲೂ ಇರುವ ಎರಡು ಸಾಮಾನುಗಳನ್ನು ಒಂದುಗೂಡಿಸಿತು: ವೆಲ್ಡಿಂಗ್ ಟಾರ್ಚು ಮತ್ತು ಮಿಲ್ಲಿಂಗ್ ಯಂತ್ರ. ಟಾರ್ಚು ವೆಲ್ಡಿನ ಎಳೆಗಳನ್ನು ಪಕ್ಕಪಕ್ಕದಲ್ಲಿ ಹಾಕಿ ಒಂದು ಪದರ ತುಂಬುತ್ತದೆ, ಮಿಲ್ಲಿಂಗ್ ಕತ್ತಿ ಬಂದು ಆ ಉಬ್ಬುತಗ್ಗನ್ನು ಮಟ್ಟಮಾಡುತ್ತದೆ, ಮತ್ತೆ ಟಾರ್ಚು. ಒರಟಾಗಿ ಬೆಳೆದ ತುಂಡಿಗೆ ಕೊನೆಯಲ್ಲಿ ಅದೇ ಯಂತ್ರದ ಮೇಲೆ ಅಚ್ಚುಕಟ್ಟಾದ ಮೈ ಕೊಡುತ್ತಾರೆ. ಈ ಕೆಲಸದ ಒಂದು ಮುಖ್ಯ ಲೇಖನ 2010ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಕೂಡಿಸುವುದು ಮತ್ತು ಕಳೆಯುವುದನ್ನು ಒಂದೇ ಮೇಜಿನ ಮೇಲೆ ತಂದ ಈ ಆಲೋಚನೆಯಲ್ಲಿ ನಮ್ಮ ಗಾಲಾಗಳ ಬುದ್ಧಿ ಇದೆ: ಕೈಯಲ್ಲಿರುವ ಸಾಮಾನಿನಿಂದಲೇ ದಾರಿ ಹುಡುಕುವುದು.

ಇನ್ನೊಬ್ಬರು ಬಿ. ರವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1992ರಲ್ಲಿ ಡಾಕ್ಟರೇಟ್ ಪಡೆದು ಪೊವಾಯಿಗೆ ಬಂದವರು, ಎರಕದ ಶಾಸ್ತ್ರದಲ್ಲಿ ಪಳಗಿದವರು. ಲೋಹ ಅಚ್ಚಿನೊಳಗೆ ಎಲ್ಲಿ ಕೊನೆಗೆ ಗಟ್ಟಿಯಾಗುತ್ತದೆ, ಎಲ್ಲಿ ಟೊಳ್ಳು ಬೀಳುತ್ತದೆ ಎಂದು ಮೊದಲೇ ಕಂಪ್ಯೂಟರಿನಲ್ಲಿ ನೋಡುವ ವಿಧಾನಗಳಿಗೆ ಅವರ ಹೆಸರು ಅಂಟಿಕೊಂಡಿದೆ. ಮುರಿದುಹೋದ, ನಕ್ಷೆಯೂ ಉಳಿಯದ, ತಯಾರಕನೂ ಈಗ ಮಾಡದ ಹಳೆಯ ಭಾಗಗಳ ಸಮಸ್ಯೆಯನ್ನು ಅವರು ಮತ್ತು ಸಂಗಡಿಗರು ಎತ್ತಿಕೊಂಡರು. ಮುರಿದದ್ದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ದುರಸ್ತಿ ಮಾಡಿ, ಪದರ ಯಂತ್ರದಿಂದ ಪ್ಯಾಟರ್ನ್ ತೆಗೆದು, ಎರಕ ಹೊಯ್ದು ಹೊಸದನ್ನು ಪಡೆಯುವುದು. ಬಡಗಿಯ ಮನೆ ಮುಂದೆ ವಾರಗಟ್ಟಲೆ ಕಾದ ಎಂಜಿನಿಯರಿಗೆ ಇದು ಬಂದದ್ದು ತಡವಾಗಿ, ಆದರೂ ಬಂತು.

ರವಿ ಅವರ ಕೆಲಸ ಆಸ್ಪತ್ರೆಯತ್ತ ಹೊರಳಿದ್ದು ಈ ಕತೆಯ ದೊಡ್ಡ ತಿರುವು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ದೇಶದ ಕ್ಯಾನ್ಸರ್ ರೋಗಿಗಳಿಗೆ ಬಾಗಿಲು. ಮೂಳೆಯ ಕ್ಯಾನ್ಸರ್ ಹೆಚ್ಚಾಗಿ ಬರುವುದು ಎಳೆ ಹರೆಯದವರಿಗೆ, ಅದರಲ್ಲೂ ಮೊಣಕಾಲಿನ ಸುತ್ತ. ಮೊದಲು ಕಾಲನ್ನೇ ತೆಗೆಯುತ್ತಿದ್ದರು. ರೋಗ ತಗುಲಿದ ಮೂಳೆಯನ್ನು ಮಾತ್ರ ತೆಗೆದು ಲೋಹದ ಉದ್ದನೆಯ ಕೀಲು ಕೂರಿಸಿದರೆ ಕಾಲು ಉಳಿಯುತ್ತದೆ, ಆದರೆ ಹೊರದೇಶದ ಕೀಲಿನ ಬೆಲೆ ಬಡ ತಂದೆತಾಯಿಯ ಕೈಗೆಟಕದು. ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದಿಂದ ಪೊವಾಯಿಯ ಎಂಜಿನಿಯರುಗಳು, ಪರೇಲಿನ ಶಸ್ತ್ರವೈದ್ಯರು, ಹೈದರಾಬಾದಿನ ಲೋಹತಜ್ಞರು ಒಟ್ಟಾಗಿ ದೇಶಿ ಕೀಲಿಗೆ ಕೈಹಾಕಿದರು. ಇಂಥ ಕೆಲಸದಲ್ಲಿ ಪ್ಲಾಸ್ಟಿಕ್ಕಿನ ಮಾದರಿಗೆ ಒಂದು ವಿಶೇಷ ಬೆಲೆಯಿದೆ. ಎಂಜಿನಿಯರಿಗೆ ಶಸ್ತ್ರಕ್ರಿಯೆ ತಿಳಿಯದು, ವೈದ್ಯರಿಗೆ ನಕ್ಷೆ ಓದಲು ಬಾರದು. ಕೀಲಿನ ಮಾದರಿಯನ್ನು ಕೈಯಲ್ಲಿ ಮಡಚಿ ನೋಡುವಾಗ ಇಬ್ಬರಿಗೂ ಒಂದೇ ಭಾಷೆ ಸಿಗುತ್ತದೆ. ಇಲ್ಲಿ ಕೊರೆ, ಇಲ್ಲಿ ತಿರುಪು ಹಿಡಿಯಲು ಜಾಗ ಬೇಕು ಎಂದು ಬೆರಳಿಟ್ಟು ತೋರಿಸಬಹುದು. ವಿಖ್ರೋಳಿಯಲ್ಲಿ ಮತಪೆಟ್ಟಿಗೆಯ ಸುತ್ತ ನಿಂತವರಿಗೂ ಸಿಕ್ಕಿದ್ದು ಇದೇ ಭಾಷೆ.

2014ರಲ್ಲಿ ಮಹಾರಾಷ್ಟ್ರದ ರಾಜೀವ್ ಗಾಂಧಿ ವಿಜ್ಞಾನ ತಂತ್ರಜ್ಞಾನ ಆಯೋಗದ ನೆರವಿನಿಂದ ಪೊವಾಯಿಯಲ್ಲಿ ಬೆಟಿಕ್ ಎಂಬ ವೈದ್ಯಕೀಯ ಉಪಕರಣಗಳ ಕೇಂದ್ರ ಹುಟ್ಟಿತು. ವೈದ್ಯರು ತಮ್ಮ ಕಷ್ಟ ಹೇಳುವುದು, ವಿದ್ಯಾರ್ಥಿಗಳು ಮಾದರಿ ಮಾಡಿ ತರುವುದು, ಮತ್ತೆ ತಿದ್ದುವುದು. ಇಲ್ಲಿ ಬೆಳೆದ ಡಿಜಿಟಲ್ ಸ್ಟೆತಾಸ್ಕೋಪ್ 2020ರ ಕೊರೊನಾ ವಾರ್ಡುಗಳಲ್ಲಿ, ರೋಗಿಯ ಮೈಮೇಲೆ ಬಾಗದೆ ದೂರದಿಂದಲೇ ಎದೆಯ ಸದ್ದು ಕೇಳಲು ನೆರವಾಯಿತು.

ಇಷ್ಟರಲ್ಲಿ ಯಂತ್ರ ಅಗ್ಗವಾಗಿತ್ತು. ಅಮೆರಿಕದ ಸ್ಕಾಟ್ ಕ್ರಂಪ್ ಮಗಳಿಗೆ ಆಟಿಕೆ ಕಪ್ಪೆ ಮಾಡಿಕೊಡಲು ಬಿಸಿ ಅಂಟಿನ ಬಂದೂಕು ಹಿಡಿದಾಗ ಹೊಳೆದ ವಿಧಾನ ಇದರ ಮೂಲ. ನಮ್ಮ ಮನೆಯ ಚಕ್ಕುಲಿ ಒರಳನ್ನು ಕಂಡವರಿಗೆ ವಿವರಿಸಬೇಕಾದ್ದೇನೂ ಇಲ್ಲ. ಪ್ಲಾಸ್ಟಿಕ್ಕಿನ ದಾರವನ್ನು ಬಿಸಿ ಮೂತಿಯಲ್ಲಿ ಕರಗಿಸಿ, ಎಳೆಯಾಗಿ ಒತ್ತುತ್ತಾ, ಪದರದ ಮೇಲೆ ಪದರ ಸುತ್ತುವುದು. ಅದರ ಮೂಲ ಹಕ್ಕುಸ್ವಾಮ್ಯ 2009ರಲ್ಲಿ ಮುಗಿಯಿತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲೇ ತನ್ನ ಭಾಗಗಳನ್ನು ತಾನೇ ಮಾಡಿಕೊಳ್ಳುವ ಯಂತ್ರದ ಯೋಜನೆ ಹಾಕಿ, ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೋಟರು, ಬೋರ್ಡು ಕೊಂಡು ಮನೆಯಲ್ಲೇ ಯಂತ್ರ ಜೋಡಿಸುವ ವಿದ್ಯಾರ್ಥಿಗಳು ಕಾಣಿಸಿಕೊಂಡರು. ನವಿ ಮುಂಬೈಯಲ್ಲಿ ಸ್ವಪ್ನಿಲ್ ಸಾನ್ಸರೆ ಅವರ ಡಿವೈಡ್ ಬೈ ಝೀರೋ ಯಂತ್ರ ತಯಾರಿಸಿ ಮಾರತೊಡಗಿತು. 2013ರಲ್ಲಿ ವೈಭವ್ ಛಾಬ್ರಾ ಶುರುಮಾಡಿದ ಮೇಕರ್ಸ್ ಅಸೈಲಮ್ ಯಾರು ಬೇಕಾದರೂ ಬಂದು ಉಪಕರಣ ಬಳಸಬಹುದಾದ ಜಾಗವಾಯಿತು. ಮುಂಬೈಯ ಮಳೆಗಾಲ ಮಾತ್ರ ಈ ಯಂತ್ರಕ್ಕೆ ಒಗ್ಗಲಿಲ್ಲ. ಜುಲೈ ತಿಂಗಳ ತೇವ ಹೀರಿಕೊಂಡ ನೈಲಾನ್ ದಾರ ಬಿಸಿ ಮೂತಿಯಲ್ಲಿ ಚಟಪಟ ಸಿಡಿದು ಗುಳ್ಳೆಗಳನ್ನು ಉಗುಳುತ್ತದೆ. ಹಪ್ಪಳವನ್ನು ಡಬ್ಬದಲ್ಲಿ ಮುಚ್ಚಿಡುವಂತೆ ದಾರದ ಉಂಡೆಯನ್ನೂ ಮುಚ್ಚಿಡುವುದನ್ನು ಇಲ್ಲಿನವರು ಕಲಿತರು.

2020ರ ಮಾರ್ಚ್‌ನಲ್ಲಿ ಲೋಕಲ್ ಗಾಡಿ ನಿಂತಿತು, ಊರು ಮುಚ್ಚಿತು, ಆಸ್ಪತ್ರೆಗಳಲ್ಲಿ ಮುಖಕವಚ ಸಾಕಷ್ಟು ಇರಲಿಲ್ಲ. ಮನೆಮನೆಗಳಲ್ಲಿದ್ದ ಸಣ್ಣ ಯಂತ್ರಗಳು ಕವಚದ ಹಣೆಪಟ್ಟಿ ಒತ್ತತೊಡಗಿದವು. ಒಂದು ಪಟ್ಟಿಗೆ ಗಂಟೆಗಟ್ಟಲೆ ಬೇಕು, ಬೇಕಿದ್ದದ್ದು ಲಕ್ಷಗಟ್ಟಲೆ. ಮೊದಲ ಹತ್ತು ಹಲವು ಮಾದರಿ ನೋಡಿ ತಿದ್ದಲು ಪದರ ಯಂತ್ರ, ವಿನ್ಯಾಸ ನಿಂತ ಮೇಲೆ ಹಾಳೆಯನ್ನು ಸರಸರ ಕತ್ತರಿಸುವ ಯಂತ್ರ, ಈ ಪಾಠವನ್ನು ಆ ವಾರಗಳು ಕಲಿಸಿದವು. ಮೇಕರ್ಸ್ ಅಸೈಲಮ್ ಮುಂದಾಳತ್ವದ ಎಂ-19 ಬಳಗ ದೇಶದ 42 ಊರುಗಳಲ್ಲಿ ಹರಡಿಕೊಂಡು 49 ದಿನಗಳಲ್ಲಿ 10 ಲಕ್ಷ ಕವಚ ಮಾಡಿತು.

2023ರಲ್ಲಿ ಈ ಕತೆಯ ಎರಡು ಎಳೆಗಳು ಕರ್ನಾಟಕಕ್ಕೆ ಬಂದವು. ಬಿ. ರವಿ ಸುರತ್ಕಲ್‌ನ ಎನ್‌ಐಟಿಕೆ ನಿರ್ದೇಶಕರಾದರು. ಆಗಸ್ಟ್ 18ರಂದು ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿ ಉದ್ಘಾಟನೆಯಾಯಿತು. ಯಂತ್ರದ ಮೂತಿ ಕಾಂಕ್ರೀಟನ್ನು ಎಳೆಎಳೆಯಾಗಿ ಒತ್ತಿ ಎಬ್ಬಿಸಿದ ಗೋಡೆಗಳು, 45 ದಿನದ ಗಡುವಿಗೂ ಮೊದಲೇ ಮುಗಿದ ಕೆಲಸ. ಕಟ್ಟಿದ್ದು ಮುಂಬೈಯ ಲಾರ್ಸೆನ್ ಆಂಡ್ ಟೂಬ್ರೊ, ಮಾರ್ಗದರ್ಶನ ಐಐಟಿ ಮದ್ರಾಸಿನದು. ಯಂತ್ರ ಡೆನ್ಮಾರ್ಕಿನಿಂದ ಬಂದದ್ದು. 1938ರಲ್ಲಿ ಮುಂಬೈಯಲ್ಲಿ ಆ ಕಂಪನಿ ತೆರೆದ ಇಬ್ಬರೂ ಡೆನ್ಮಾರ್ಕಿನವರೇ ಎಂಬುದು ಕಾಕತಾಳೀಯವಿರಬಹುದು, ನೆನೆಯಲು ಹಿತವೆನಿಸುತ್ತದೆ. ಗೋಡೆಯ ಹತ್ತಿರ ನಿಂತರೆ ಕೈಬೆರಳಿಗೆ ಪದರಗಳು ಒಂದೊಂದಾಗಿ ಸಿಗುತ್ತವೆ.

ಉಂಗುರದ ಪದರಗಳು ಮಾತ್ರ ಗಿರಾಕಿಯ ಬೆರಳಿಗೆ ಸಿಗಬಾರದು. ಸೀಪ್ಜ್‌ನ ಎರಕದ ವಿಭಾಗದಲ್ಲಿ ಮೇಣದ ಉಂಗುರಗಳನ್ನು ನಡುವಿನ ಮೇಣದ ಕಾಂಡವೊಂದಕ್ಕೆ ಕೊಂಬೆಕೊಂಬೆಯಾಗಿ ಅಂಟಿಸುತ್ತಾರೆ. ಅದಕ್ಕೆ ಅವರು ಕೊಟ್ಟ ಹೆಸರು ಟ್ರೀ. ಗಾರೆ ಒಡೆದಾಗ ಹೊರಬರುವುದು ಉಂಗುರಗಳು ತೂಗುವ ಚಿನ್ನದ ಗಿಡ. ಒಂದೊಂದನ್ನೂ ಕತ್ತರಿಸಿ ತೆಗೆದಾಗ ತೊಟ್ಟಿನ ಗುರುತು ಉಳಿಯುತ್ತದೆ, ಮೈಮೇಲೆ ಕೂದಲಿಗಿಂತ ಸಣ್ಣ ಮೆಟ್ಟಿಲುಗಳಂತೆ ಪದರದ ಗೆರೆಗಳಿರುತ್ತವೆ. ಆಗ ಅದು ಕಾರಿಗರನ ಮೇಜಿಗೆ ಬರುತ್ತದೆ. ಮೇಜಿನ ಅಂಚಿನ ಮರದ ಗೂಟಕ್ಕೆ ಉಂಗುರ ಆನಿಸಿ, ಮಡಿಲಿನ ಮೇಲೆ ಧೂಳು ಹಿಡಿಯುವ ತೊಗಲನ್ನು ಎಳೆದುಕೊಂಡು, ಅವನು ಅರ ಎತ್ತಿಕೊಳ್ಳುತ್ತಾನೆ.